ವಾಂಗ್ ಫೇಹುಂಗ್ ನಿಜವಾಗಿಯೂ ಇದ್ದರೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹಾಂಗ್‌ಕಾಂಗ್ ಚಿತ್ರಗಳ ಬಗ್ಗೆ ಬರೆಯುವ ನನಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಜೆಟ್ ಲೀ ಅಭಿನಯಿಸಿದ ವಾಂಗ್ ಫೇಹುಂಗ್, ಡಾನಿ ಯೆನ್ ಅಭಿನಯಿಸಿದ ಇಪ್ ಮ್ಯಾನ್, ಎಳೆಯ ಜಾಕಿ ಚಾನ್‌ಗೆ ಕುಡುಕನ ನಡಿಗೆಯ ಕುಂಗ್‌ಫು ಕಲಿಸುವ ಭಿಕ್ಷುಕ ಸೋ, ಇವರೆಲ್ಲ ನಿಜವಾಗಿ ಬದುಕಿದ್ದವರೇ ಅಥವಾ ಚಿತ್ರಕ್ಕಾಗಿ ಹುಟ್ಟಿಕೊಂಡವರೇ ಎಂಬುದೇ ಆ ಪ್ರಶ್ನೆ. ಕೇಳುವವರಲ್ಲಿ ಹೆಚ್ಚಿನವರು ಒಂದು ಸಾಲಿನ ಉತ್ತರವನ್ನು ಬಯಸುತ್ತಾರೆ. ಆ ಒಂದು ಸಾಲನ್ನು ಮೊದಲೇ ಕೊಡುತ್ತೇನೆ: ವಾಂಗ್ ಫೇಹುಂಗ್ ಮತ್ತು ಇಪ್ ಮ್ಯಾನ್ ಇಬ್ಬರೂ ನಿಜವಾಗಿ ಬದುಕಿದ್ದವರು, ಚಿತ್ರಗಳಲ್ಲಿ ಅವರು ಗೆದ್ದ ಮಹಾಯುದ್ಧಗಳಲ್ಲಿ ಬಹುಪಾಲು ನಡೆದೇ ಇಲ್ಲ. ಭಿಕ್ಷುಕ ಸೋ ‘ಕ್ಯಾಂಟನ್ನಿನ ಹತ್ತು ಹುಲಿಗಳು’ ಎಂಬ, ಹತ್ತು ಕುಂಗ್‌ಫು ವೀರರ ಹೆಸರಾಂತ ಪಟ್ಟಿಯಲ್ಲಿ ಬರುವವರು, ಅವರ ವಿಷಯದಲ್ಲಿ ನಮಗೆ ಉಳಿದಿರುವುದು ಬಹಳ ಮಟ್ಟಿಗೆ ಬಾಯಿಂದ ಬಾಯಿಗೆ ಬಂದ ಕಥೆ.

ಆದರೆ ಈ ಉತ್ತರ ನನಗೆ ಸಾಕೆನಿಸುವುದಿಲ್ಲ. ದಕ್ಷಿಣ ಚೀನಾದ ಒಂದೇ ನದೀಮುಖಜ ಪ್ರದೇಶದಲ್ಲಿ ಹುಟ್ಟಿದ ಮಲ್ಲರು, ಅವರ ಮುರಿದ ಮೂಳೆ ಕೂಡಿಸಿದ ವೈದ್ಯರು, ಅವರ ಕಥೆ ಬರೆದ ಪತ್ರಿಕಾ ಲೇಖಕರು ಮತ್ತು ಆ ಕಥೆಯನ್ನು ಅಭಿನಯಿಸಿದ ನಟರು ಬೇರೆ ಬೇರೆ ಜನರಲ್ಲ. ಅವರಲ್ಲಿ ಅನೇಕರು ಒಬ್ಬರಿಗೊಬ್ಬರು ಗುರುಶಿಷ್ಯರು, ತಂದೆಮಕ್ಕಳು, ನೆರೆಹೊರೆಯವರು. ಹಾಗಾಗಿ ಕಥೆಯನ್ನು ಯಾರು ಹೇಳಿದರು, ಎಲ್ಲಿ ಕುಳಿತು ಹೇಳಿದರು, ಯಾವ ಅಗತ್ಯಕ್ಕೆ ಹೇಳಿದರು ಎಂಬುದನ್ನು ಹಿಡಿದು ಹೊರಟರೆ ನಿಜ ಮತ್ತು ಕಟ್ಟುಕಥೆ ತಾವಾಗಿಯೇ ಬೇರ್ಪಡುತ್ತಾ ಹೋಗುತ್ತವೆ. ಆ ದಾರಿಯಲ್ಲಿಯೇ ಈ ಬರಹ ಸಾಗುತ್ತದೆ.

ಈ ಪ್ರದೇಶದವರೆಂದು, ಅಂದರೆ ಕ್ಯಾಂಟನೀಸ್ ಎಂದು, ಯಾರನ್ನು ಕರೆಯುತ್ತೇವೆ ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು, ಏಕೆಂದರೆ ಇಲ್ಲಿ ಗೊಂದಲ ಬಹಳ. ಇಂದು ಗುವಾಂಗ್‌ಝೌ ಎಂದು ಕರೆಯುವ ಹಳೆಯ ಕ್ಯಾಂಟನ್ ನಗರ, ಅದರ ಪಕ್ಕದ ಫೋಶಾನ್, ಸುತ್ತಲಿನ ನಾನ್‌ಹಾಯ್, ಶುಂದೆ, ಝೋಂಗ್‌ಶಾನ್, ಕೆಳಗೆ ಮಕಾವ್ ಮತ್ತು ಹಾಂಗ್‌ಕಾಂಗ್, ಇವೆಲ್ಲ ಪರ್ಲ್ ನದಿಯ ಕವಲುಗಳ ನಡುವಿನ ಊರುಗಳು. ಇಲ್ಲಿನ ಜನರ ಮಾತು ಕ್ಯಾಂಟನೀಸ್. ಜೆಟ್ ಲೀ ಬೀಜಿಂಗ್‌ನವರು, ಅಲ್ಲಿನ ಸರ್ಕಾರಿ ವುಶು (ಚೀನೀ ಸಮರಕಲೆ) ತಂಡದಲ್ಲಿ ಬೆಳೆದವರು. ಜಾಕಿ ಚಾನ್ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದರೂ ಅವರ ತಂದೆತಾಯಿ ಹೊರಗಿನಿಂದ ಬಂದವರು, ಅವರು ಬಾಲ್ಯದಲ್ಲಿ ಕಲಿತದ್ದು ಹಾಡು, ಅಭಿನಯ, ಕಸರತ್ತು ಕೂಡಿದ ಉತ್ತರದ ರಂಗಕಲೆಯಾದ ಪೀಕಿಂಗ್ ಒಪೆರಾ. ಬ್ರೂಸ್ ಲೀ ಅವರ 1972ರ ‘ಫಿಸ್ಟ್ ಆಫ್ ಫ್ಯೂರಿ’ ಚಿತ್ರದಲ್ಲಿ ಶಿಷ್ಯನು ಯಾರ ಸಾವಿಗಾಗಿ ಸೇಡು ತೀರಿಸಿಕೊಳ್ಳುತ್ತಾನೋ ಆ ಗುರು ಹುವೊ ಯುವಾನ್‌ಜಿಯಾ ತಿಯಾನ್‌ಜಿನ್ ಕಡೆಯವರು. ಇವರನ್ನು ಗೌರವದಿಂದಲೇ ಬದಿಗಿಟ್ಟು ನದೀಮುಖದ ಮಕ್ಕಳತ್ತ ಬರುತ್ತೇನೆ.

ವಾಂಗ್ ಫೇಹುಂಗ್ ನಾನ್‌ಹಾಯ್ ಸೀಮೆಯ ಶಿಚಿಯಾವೊದವರು. ಹುಟ್ಟಿದ ವರ್ಷವನ್ನು ಸಾಮಾನ್ಯವಾಗಿ 1847 ಎಂದು ಬರೆಯುತ್ತಾರೆ, 1856 ಎನ್ನುವವರೂ ಇದ್ದಾರೆ. ತಂದೆ ವಾಂಗ್ ಕೇಯಿಂಗ್ ಹತ್ತು ಹುಲಿಗಳಲ್ಲಿ ಒಬ್ಬರೆಂದು ಹೆಸರಾದವರು. ಬೀದಿಯಲ್ಲಿ ವರಸೆಗಳನ್ನು ಪ್ರದರ್ಶಿಸಿ, ಸೇರಿದ ಜನರಿಗೆ ಮುಲಾಮು ಮಾರುವುದು ಆಗಿನ ಇಂತಹ ಕುಟುಂಬಗಳ ಬದುಕಿನ ದಾರಿಯಾಗಿತ್ತು. ಮುಂದೆ ವಾಂಗ್ ಫೇಹುಂಗ್ ಗುವಾಂಗ್‌ಝೌನಲ್ಲಿ ‘ಬೋ ಚಿ ಲಾಮ್’ ಎಂಬ ಔಷಧಾಲಯವನ್ನು ನಡೆಸಿದರು. ಉಳುಕು ತೆಗೆಯುವುದು, ಮುರಿದ ಮೂಳೆ ಕೂಡಿಸುವುದು, ಪೆಟ್ಟಿಗೆ ಎಣ್ಣೆ ಹಚ್ಚುವುದು ಅಲ್ಲಿನ ಕೆಲಸ. ನಮ್ಮ ಗರಡಿಮನೆಯ ಉಸ್ತಾದರು ಸಾಮು ಕಲಿಸುತ್ತಲೇ ಊರಿನವರ ಕೈಕಾಲು ಸರಿಮಾಡುತ್ತಿದ್ದುದನ್ನು ಬಲ್ಲವರಿಗೆ ಈ ಜೋಡಿ ಕಸುಬು ಅಪರಿಚಿತವೆನಿಸದು. ಅವರ ಕುಂಗ್‌ಫು ಪರಂಪರೆ ‘ಹುಂಗ್ ಗಾರ್’. ನೆಲಕ್ಕೆ ಬೇರು ಬಿಟ್ಟಂತೆ ಅಗಲವಾಗಿ ಊರಿದ ಕಾಲು, ಬಲವಾದ ತೋಳು, ಹುಲಿ ಮತ್ತು ಕೊಕ್ಕರೆಯ ಹೆಸರಿನ ವರಸೆಗಳು ಅದರ ಗುರುತು. ಸಿಂಹನೃತ್ಯದಲ್ಲಿಯೂ ಅವರಿಗೆ ದೊಡ್ಡ ಹೆಸರಿತ್ತು.

ಇಷ್ಟರ ಹೊರತಾಗಿ ಅವರ ಜೀವಿತಕಾಲದಲ್ಲಿ ಬರೆದಿಟ್ಟ ದಾಖಲೆ ಬಹಳ ಕಡಿಮೆ. ಅದರಲ್ಲಿ ಆಶ್ಚರ್ಯವೂ ಇಲ್ಲ. ಬಂದೂಕು ಬಂದಿದ್ದ ಕಾಲದಲ್ಲಿ ಬಡಬಗ್ಗರ ಮೂಳೆ ಕೂಡಿಸುತ್ತಿದ್ದ ಮನುಷ್ಯನ ಬಗ್ಗೆ ಅಧಿಕಾರಿಗಳು ಏಕೆ ಬರೆಯಬೇಕು? 1924ರಲ್ಲಿ ಗುವಾಂಗ್‌ಝೌನ ವರ್ತಕರ ಸಶಸ್ತ್ರ ದಳಕ್ಕೂ ಸುನ್ ಯಾತ್‌ಸೆನ್ ಅವರ ಸರ್ಕಾರಕ್ಕೂ ನಡೆದ ಕಾದಾಟದಲ್ಲಿ ನಗರದ ಪಶ್ಚಿಮ ಭಾಗಕ್ಕೆ ಬೆಂಕಿ ಬಿದ್ದಿತು, ಬೋ ಚಿ ಲಾಮ್ ಕೂಡ ಆಗ ನಾಶವಾಯಿತು. ಅದಾದ ಸ್ವಲ್ಪ ಕಾಲದಲ್ಲಿಯೇ ವಾಂಗ್ ಫೇಹುಂಗ್ ತೀರಿಕೊಂಡರು. ಚಿತ್ರಗಳಲ್ಲಿ ಸೋಲೇ ಅರಿಯದ ಈ ಮನುಷ್ಯ ತನ್ನ ಜೀವಮಾನದ ದುಡಿಮೆ ಬೂದಿಯಾದುದನ್ನು ಮುದಿವಯಸ್ಸಿನಲ್ಲಿ ಕಂಡರು. ಅವರ ಬದುಕಿನಲ್ಲಿ ನನ್ನನ್ನು ಅತ್ಯಂತ ಹೆಚ್ಚು ಕಾಡುವ ಸಂಗತಿ ಇದು, ಮತ್ತು ಚಿತ್ರಗಳು ಹೆಚ್ಚಾಗಿ ಮುಟ್ಟದೆ ಬಿಟ್ಟಿರುವ ಸಂಗತಿಯೂ ಇದೇ.

ಹಾಗಾದರೆ ನಮಗೆ ಗೊತ್ತಿರುವ ವಾಂಗ್ ಫೇಹುಂಗ್ ಎಲ್ಲಿಂದ ಬಂದರು? ಅವರ ಹೆಸರಾಂತ ಶಿಷ್ಯ ಲಾಮ್ ಸೈವಿಂಗ್ ಮಾಂಸ ಕಡಿಯುವ ಕಸುಬಿನಿಂದ ಬಂದವರು. ಅವರು ಹಾಂಗ್‌ಕಾಂಗ್‌ಗೆ ಬಂದು ನೆಲೆಸಿ ಹುಂಗ್ ಗಾರ್ ಕಲಿಸಿದರು ಮತ್ತು ಅಲ್ಲಿಯವರೆಗೆ ಗುರುಮುಖದಿಂದಷ್ಟೇ ಕಲಿಯಬೇಕಿದ್ದ ವರಸೆಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು. ಆ ಪುಸ್ತಕಗಳ ಕೆಲಸದಲ್ಲಿ ಜೊತೆಯಾದ ಶಿಷ್ಯ ಚು ಯುಚಾಯ್ ಮುಂದೆ ಹಾಂಗ್‌ಕಾಂಗ್ ಪತ್ರಿಕೆಗಳಲ್ಲಿ ವಾಂಗ್ ಫೇಹುಂಗ್ ಅವರ ಸಾಹಸಗಳನ್ನು ಧಾರಾವಾಹಿಯಾಗಿ ಬರೆದರು. ಅಂದರೆ ನಮ್ಮ ಮುಖ್ಯ ಆಧಾರ ಶಿಷ್ಯನ ಶಿಷ್ಯ, ಅದೂ ದಿನಪತ್ರಿಕೆಯ ಓದುಗರನ್ನು ಮರುದಿನಕ್ಕೆ ಕಾಯಿಸಬೇಕಾಗಿದ್ದ ಲೇಖಕ. ಗುರುವಿನ ಗುರುವಿನ ಬಗ್ಗೆ ಬರೆಯುವಾಗ ಕೈ ಉದಾರವಾಗುವುದು ಸಹಜ. ಆದರೆ ಅವರು ಶೂನ್ಯದಿಂದ ಸೃಷ್ಟಿಸಲಿಲ್ಲ. ಔಷಧಾಲಯ, ಸಿಂಹನೃತ್ಯ, ಶಿಷ್ಯರ ಹೆಸರುಗಳು, ವರಸೆಗಳು ನಿಜವಾದವು. ಒಬ್ಬರೇ ಹಲವರನ್ನು ಹೊಡೆದುರುಳಿಸುವ ಪ್ರಸಂಗಗಳನ್ನು ಮಾತ್ರ ಧಾರಾವಾಹಿಯ ಲೆಕ್ಕಕ್ಕೆ ಬಿಡಬೇಕು.

ವಾಂಗ್ ಅವರ ಪತ್ನಿ ಮೋಕ್ ಕ್ವೈಲಾನ್ ಅವರನ್ನು ಇಲ್ಲಿ ಮರೆಯಬಾರದು. ಪ್ರದರ್ಶನದ ನಡುವೆ ವಾಂಗ್ ಅವರ ಪಾದರಕ್ಷೆ ಹಾರಿ ತನಗೆ ತಗುಲಿದಾಗ ಮುಂದೆ ಬಂದು ಅವರ ಕೆನ್ನೆಗೆ ಬಾರಿಸಿದ ಹುಡುಗಿಯೇ ಮುಂದೆ ಅವರ ಹೆಂಡತಿಯಾದಳೆಂಬ ಕಥೆ ಬಹಳ ಜನಪ್ರಿಯವಾಗಿದೆ. ಕಥೆ ಹೇಗಿದ್ದರೂ, ಪತಿಯ ಮರಣಾನಂತರ ಹಾಂಗ್‌ಕಾಂಗ್‌ಗೆ ಬಂದು ಅವರು ಕುಂಗ್‌ಫು ಕಲಿಸುತ್ತಾ, ಮೂಳೆ ಕೂಡಿಸುತ್ತಾ ದೀರ್ಘಕಾಲ ಬದುಕಿದ್ದು ಮಾತ್ರ ಕಥೆಯಲ್ಲ. ವಾಂಗ್ ಫೇಹುಂಗ್ ಇದ್ದರೇ ಎಂದು ಕೇಳುವವರಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇಕಿಲ್ಲ: ಅವರ ಚಿತ್ರಗಳು ತೆರೆಯ ಮೇಲೆ ಓಡುತ್ತಿದ್ದ ಕಾಲದಲ್ಲಿ ಅವರ ಹೆಂಡತಿ ಅದೇ ನಗರದಲ್ಲಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು.

1949ರಲ್ಲಿ ನಿರ್ದೇಶಕ ವು ಪಾಂಗ್ ಈ ಧಾರಾವಾಹಿಗಳ ನಾಯಕನನ್ನು ತೆರೆಗೆ ತಂದರು. ಆ ವರ್ಷ ಚೀನಾದಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದಿತು, ಗುವಾಂಗ್‌ಡಾಂಗ್ ಪ್ರಾಂತ್ಯದಿಂದ ಜನ ಹಾಂಗ್‌ಕಾಂಗ್‌ಗೆ ಹರಿದು ಬರುತ್ತಿದ್ದರು. ಬಿಟ್ಟು ಬಂದ ಊರಿನ ಬೀದಿ, ಚಹದ ಅಂಗಡಿ, ಹಬ್ಬದ ಸಿಂಹನೃತ್ಯ, ದೊಡ್ಡವರಿಗೆ ತಲೆಬಾಗುವ ರೀತಿ, ಇವೆಲ್ಲವನ್ನೂ ಆ ಚಿತ್ರಗಳು ಅವರಿಗೆ ಅವರದೇ ಮಾತಿನಲ್ಲಿ ತೋರಿಸಿದವು. ಪಾತ್ರ ಮಾಡಿದ ಕ್ವಾನ್ ತಕ್‌ಹಿಂಗ್ ಕ್ಯಾಂಟನೀಸ್ ಒಪೆರಾದ ಹೆಸರಾಂತ ನಟ, ಜಪಾನ್ ವಿರುದ್ಧದ ಯುದ್ಧಕಾಲದಲ್ಲಿ ರಂಗಪ್ರದರ್ಶನಗಳಿಂದ ನಿಧಿ ಸಂಗ್ರಹಿಸಿಕೊಟ್ಟವರು. ಅವರು 70ಕ್ಕೂ ಹೆಚ್ಚು ಚಿತ್ರಗಳಲ್ಲಿ ಇದೊಂದೇ ಪಾತ್ರವನ್ನು ನಿರ್ವಹಿಸಿದರು. 1956ರ ಒಂದೇ ವರ್ಷದಲ್ಲಿ 25 ವಾಂಗ್ ಫೇಹುಂಗ್ ಚಿತ್ರಗಳು ಬಂದವು. ಎದುರಾಳಿಯ ಪಾತ್ರಕ್ಕೆ ಹೆಚ್ಚಾಗಿ ಶಿ ಕಿಯೆನ್ ಇರುತ್ತಿದ್ದರು. 1973ರ ‘ಎಂಟರ್ ದಿ ಡ್ರ್ಯಾಗನ್’ ಚಿತ್ರದಲ್ಲಿ ಕನ್ನಡಿಗಳ ಕೋಣೆಯಲ್ಲಿ ಬ್ರೂಸ್ ಲೀಯನ್ನು ಎದುರಿಸುವ ಹಾನ್ ಇವರೇ.

ಗಂಭೀರ, ಸಂಯಮಿ, ಹೊಡೆಯುವ ಮೊದಲು ಬುದ್ಧಿ ಹೇಳುವ, ಹೊಡೆದ ಮೇಲೆ ಔಷಧಿ ಕೊಡುವ ವಾಂಗ್ ಫೇಹುಂಗ್ ನಮ್ಮ ಮನಸ್ಸಿನಲ್ಲಿ ನಿಂತಿದ್ದರೆ ಅದು ಕ್ವಾನ್ ತಕ್‌ಹಿಂಗ್ ಕೊಟ್ಟ ರೂಪ. ನಂತರದವರೆಲ್ಲ ಆ ರೂಪದೊಂದಿಗೆ ಮಾತುಕತೆಗೆ ಇಳಿದವರು. 1978ರ ‘ಡ್ರಂಕನ್ ಮಾಸ್ಟರ್’ ಅದನ್ನು ತಲೆಕೆಳಗು ಮಾಡಿ, ಜಾಕಿ ಚಾನ್ ಅಭಿನಯದಲ್ಲಿ ವಾಂಗ್ ಫೇಹುಂಗ್ ಅವರನ್ನು ತುಂಟ ಹುಡುಗನಾಗಿ ತೋರಿಸಿತು. ಹಳೆಯ ಗಂಭೀರ ಮೂರ್ತಿಯನ್ನು ಬಲ್ಲ ಹಾಂಗ್‌ಕಾಂಗ್ ಪ್ರೇಕ್ಷಕರಿಗೆ ಅದರಲ್ಲಿದ್ದ ಖುಷಿ ನಮಗಿಂತ ಹೆಚ್ಚು. 1991ರಲ್ಲಿ ನಿರ್ದೇಶಕ ತ್ಸುಯ್ ಹಾರ್ಕ್, ಜೆಟ್ ಲೀ ಅವರ ಮೂಲಕ ಆ ಗಾಂಭೀರ್ಯವನ್ನು ಮರಳಿ ತಂದು, ಅದರ ಸುತ್ತ ವಿದೇಶಿ ಹಡಗು, ಬಂದೂಕು ಮತ್ತು ಕುಸಿಯುತ್ತಿರುವ ಸಾಮ್ರಾಜ್ಯವನ್ನು ಇಟ್ಟರು.

ಇನ್ನು ರಂಗಭೂಮಿಯ ವಿಷಯಕ್ಕೆ ಬರಬೇಕು, ಏಕೆಂದರೆ ಇಡೀ ಉತ್ತರದ ಕೀಲಿ ಅಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಂಟನೀಸ್ ಒಪೆರಾ ಮಂಡಳಿಗಳು ಕೆಂಪು ಬಣ್ಣ ಬಳಿದ ದೋಣಿಗಳಲ್ಲಿ ಊರಿಂದ ಊರಿಗೆ ಹೋಗುತ್ತಿದ್ದವು. ನದೀಮುಖದ ಸಾವಿರಾರು ಕಾಲುವೆಗಳ ನಡುವೆ ದೋಣಿಯೇ ಅವರ ಮನೆ, ಉಗ್ರಾಣ ಮತ್ತು ತಾಲೀಮಿನ ಜಾಗ. ರಂಗದ ಮೇಲೆ ಯುದ್ಧ ಮಾಡುವ ನಟರಿಗೆ ಕುಂಗ್‌ಫು ಬಲ್ಲವರೇ ಗುರುಗಳು. ಈ ಮಂಡಳಿಗಳ ಸಂಘದ ಕೇಂದ್ರ ಫೋಶಾನ್‌ನ ಚಿಯೋಂಗ್‌ಹುವಾ ಭವನ. 1854ರಲ್ಲಿ ಆ ವಲಯದ ನಟ ಲೀ ವೆನ್‌ಮಾವೊ ತನ್ನ ಕಲಾವಿದರನ್ನೇ ಪಡೆಯಾಗಿ ಕಟ್ಟಿ, ಆಗ ಚೀನಾವನ್ನು ಆಳುತ್ತಿದ್ದ ಚಿಂಗ್ ಸಾಮ್ರಾಜ್ಯದ ವಿರುದ್ಧ ದಂಗೆಯೆದ್ದರು. ರಂಗದ ಪೋಷಾಕಿನಲ್ಲಿಯೇ ರಣರಂಗಕ್ಕೆ ಇಳಿದರೆಂದು ಹೇಳುತ್ತಾರೆ. ಪಕ್ಕದ ಗುವಾಂಗ್‌ಶಿ ಪ್ರಾಂತ್ಯಕ್ಕೆ ನುಗ್ಗಿ, ಲಿಯುಝೌ ನಗರವನ್ನು ಹಿಡಿದು, ಅರಸನ ಬಿರುದನ್ನೂ ಧರಿಸಿದರು. ಅಷ್ಟರಲ್ಲಿ ಫೋಶಾನ್‌ನಲ್ಲಿ ಸರ್ಕಾರದ ಸೇಡು ನಡೆದು ಹೋಗಿತ್ತು: ಭವನ ನೆಲಸಮವಾಯಿತು, ನಟರು ಕೊಲೆಯಾದರು, ಹತ್ತು ವರ್ಷಕ್ಕೂ ಹೆಚ್ಚು ಕಾಲ ಕ್ಯಾಂಟನೀಸ್ ಒಪೆರಾ ನಿಷೇಧಕ್ಕೊಳಗಾಯಿತು. ಕಲಾವಿದರ ಹೊಸ ಸಂಘ ‘ಬಾತ್ ವೊ’ ಗುವಾಂಗ್‌ಝೌನಲ್ಲಿ ತಲೆಯೆತ್ತುವ ಹೊತ್ತಿಗೆ 1889 ಬಂದಿತ್ತು.

ರಾಜನ ಪಾತ್ರ ಮಾಡುತ್ತಿದ್ದ ಕಲಾವಿದರ ನಡುವಿನಿಂದ ಬಂದವನೊಬ್ಬ ನಿಜವಾಗಿ ರಾಜನಾಗಿ, ಅದಕ್ಕೆ ತನ್ನ ಇಡೀ ಕಲೆಯೇ ಬೆಲೆ ತೆತ್ತ ಈ ಪ್ರಸಂಗ ಯಾವ ಚಿತ್ರಕಥೆಗೂ ಕಡಿಮೆಯಲ್ಲ, ಆದರೂ ಇದರ ಬಗ್ಗೆ ನನ್ನನ್ನು ಯಾರೂ ಕೇಳುವುದಿಲ್ಲ. ಕೇಳುವುದು ಇಪ್ ಮ್ಯಾನ್ ಕಲಿಸಿದ ವಿಂಗ್ ಚುನ್ ಎಂಬ ಕುಂಗ್‌ಫು ಶೈಲಿಯನ್ನು ಹುಟ್ಟುಹಾಕಿದಳೆನ್ನುವ ಸನ್ಯಾಸಿನಿ ಎಂಗ್ ಮುಯ್ ಮತ್ತು ಅವಳ ಶಿಷ್ಯೆ ಯಿಮ್ ವಿಂಗ್‌ಚುನ್ ಬಗ್ಗೆ. ಕೊಕ್ಕರೆ ಮತ್ತು ಹಾವಿನ ಹೋರಾಟ ನೋಡಿ ಸನ್ಯಾಸಿನಿ ಹೊಸ ಶೈಲಿ ಕಂಡುಕೊಂಡಳು, ಬಲವಂತದ ಮದುವೆಯಿಂದ ಪಾರಾಗಲು ಹುಡುಗಿ ಅದನ್ನು ಕಲಿತಳು ಎಂಬುದು ಸುಂದರವಾದ ಕಥೆ. ಇವರಿಬ್ಬರೂ ಬದುಕಿದ್ದರು ಎನ್ನಲು ಆಧಾರವಿಲ್ಲ. ಇದೇ ಪರಂಪರೆಯ ಕಥೆಯಲ್ಲಿ ನಂತರ ಬರುವವರು ಕೆಂಪು ದೋಣಿಯ ನಟರಾದ ವಾಂಗ್ ವಾಬೋ ಮತ್ತು ಲಿಯಾಂಗ್ ಯೀತಾಯ್, ಅವರಿಂದ ಕಲಿತವರು ಫೋಶಾನ್‌ನ ವೈದ್ಯ ಲಿಯಾಂಗ್ ಜಾನ್. ವೈದ್ಯರನ್ನು ತಲುಪುವ ಹೊತ್ತಿಗೆ ನಾವು ಗಟ್ಟಿ ನೆಲದ ಮೇಲಿರುತ್ತೇವೆ. ಇಕ್ಕಟ್ಟಾದ ದೋಣಿಯಲ್ಲಿ ಹುಟ್ಟಿದ್ದರಿಂದಲೇ ವಿಂಗ್ ಚುನ್‌ನ ಹೆಜ್ಜೆ ಚಿಕ್ಕದು ಎಂದು ಹೇಳುವವರಿದ್ದಾರೆ, ಅದನ್ನು ನಾನು ಒಂದು ಊಹೆಯಾಗಿ ಮಾತ್ರ ಸ್ವೀಕರಿಸುತ್ತೇನೆ.

ಎಂಗ್ ಮುಯ್ ಕಥೆಯ ಹಿಂದೆ ಇನ್ನೂ ದೊಡ್ಡದೊಂದು ಕಥೆಯಿದೆ. ದಕ್ಷಿಣದ ಶಾವೊಲಿನ್ ಮಠವನ್ನು ಚಿಂಗ್ ಸೈನ್ಯ ಸುಟ್ಟಿತು, ಐವರು ಹಿರಿಯರು ತಪ್ಪಿಸಿಕೊಂಡು ದಕ್ಷಿಣದ ಎಲ್ಲ ಶೈಲಿಗಳನ್ನು ಹರಡಿದರು ಎಂಬುದದು. ಹುಂಗ್ ಗಾರ್‌ನವರ ಮೂಲಪುರುಷ ಹುಂಗ್ ಹೇಗುನ್, ಚಿತ್ರಗಳ ಮುದ್ದಿನ ವೀರ ಫಾಂಗ್ ಸೈಯುಕ್ ಇಬ್ಬರೂ ಇದೇ ಕಥಾವೃಕ್ಷದ ಕೊಂಬೆಗಳು. ಇಂತಹ ಮಠದಾಹದ ಕಥೆ ‘ತಿಯಾನ್‌ದಿಹುಯಿ’ ಎಂಬ ರಹಸ್ಯ ಸಂಘದ ದೀಕ್ಷಾಕಥೆಯಲ್ಲಿ ಕಾಣಿಸುತ್ತದೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ಜನಪ್ರಿಯ ಕಾದಂಬರಿಗಳು ಅದನ್ನು ಮನೆಮನೆಗೆ ತಲುಪಿಸಿದವು. ಆಳುವವರನ್ನು ಬಹಿರಂಗವಾಗಿ ಎದುರಿಸಲಾಗದ ಜನರಿಗೆ ಹೀಗೊಂದು ಸುಟ್ಟ ಮಠ ಬೇಕಾಗಿತ್ತು ಎಂದು ನಾನು ತಿಳಿಯುತ್ತೇನೆ. ಚಿಯೋಂಗ್‌ಹುವಾ ಭವನ ನೆಲಸಮವಾದುದನ್ನು ಕಂಡ ಊರಿನಲ್ಲಿ ಆ ಕಥೆಗೆ ಹೆಚ್ಚಿನ ಕಾವು ಸಿಕ್ಕಿದ್ದರೆ ಆಶ್ಚರ್ಯವಿಲ್ಲ.

ಈ ಹಂತದಲ್ಲಿ ನಮ್ಮವರು ತಪ್ಪದೆ ಬೋಧಿಧರ್ಮನ ಹೆಸರೆತ್ತುತ್ತಾರೆ. ದಕ್ಷಿಣ ಭಾರತದಿಂದ ಸಮುದ್ರಮಾರ್ಗವಾಗಿ ಹೋದ ಬೋಧಿಧರ್ಮ ಗುವಾಂಗ್‌ಝೌನಲ್ಲಿ ಇಳಿದನೆಂಬ ಐತಿಹ್ಯ ಆ ನಗರದಲ್ಲಿ ಇಂದಿಗೂ ಜೀವಂತವಾಗಿದೆ, ಅವನು ಇಳಿದ ಸ್ಥಳವೆಂದು ಹುವಾಲಿನ್ ದೇವಾಲಯದ ಆಸುಪಾಸನ್ನು ತೋರಿಸುತ್ತಾರೆ. ಆದರೆ ಶಾವೊಲಿನ್ ಭಿಕ್ಷುಗಳಿಗೆ ಕುಂಗ್‌ಫು ಕಲಿಸಿದವನು ಅವನೇ ಎಂಬ ಮಾತಿನ ಮೂಲ ಹದಿನೇಳನೆಯ ಶತಮಾನದ ಒಂದು ವ್ಯಾಯಾಮ ಗ್ರಂಥ. ಅವನ ಕಾಲಕ್ಕೂ ಆ ಗ್ರಂಥಕ್ಕೂ ನಡುವೆ ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ, ಚೀನಾದ ಇತಿಹಾಸಕಾರ ತಾಂಗ್ ಹಾವೊ 1930ರ ದಶಕದಷ್ಟು ಹಿಂದೆಯೇ ಇದನ್ನು ಅಲ್ಲಗಳೆದಿದ್ದಾರೆ. ನಮ್ಮ ನೆಲದವನೆಂಬ ಅಭಿಮಾನಕ್ಕಾಗಿ ಇದನ್ನು ಇತಿಹಾಸವೆಂದು ಹಂಚುವುದು ಸರಿಯಲ್ಲ ಎಂದು ನಾನು ಒತ್ತಿ ಹೇಳಬಯಸುತ್ತೇನೆ. ಬೋಧಿಧರ್ಮನ ಧ್ಯಾನಪರಂಪರೆಯಲ್ಲಿ ಆಸಕ್ತಿ ಇರುವವರು ಆ ನೆಲದ ಮಗನಾದ ಹುಯಿನೆಂಗ್ ಅವರ ಕಡೆಗೆ ನೋಡಬೇಕು. ಇಂದಿನ ಗುವಾಂಗ್‌ಡಾಂಗ್‌ನ ಶಿನ್‌ಶಿಂಗ್‌ನಲ್ಲಿ 638ರಲ್ಲಿ ಹುಟ್ಟಿದ ಅವರು ಸೌದೆ ಮಾರುತ್ತಿದ್ದ ಬಡವ. ಉತ್ತರದ ಗುರುವಿನ ಬಳಿ ಹೋದಾಗ ದಕ್ಷಿಣದ ಕಾಡುಜನ ಎಂದು ಹೀಗಳೆಸಿಕೊಂಡು, ಮಠದಲ್ಲಿ ಅಕ್ಕಿ ಕುಟ್ಟುತ್ತಿದ್ದವರು ಕೊನೆಗೆ ಆ ಪರಂಪರೆಯ ಆರನೆಯ ಪಿತಾಮಹರಾದರು ಎಂದು ಅವರ ಹೆಸರಿನ ಸೂತ್ರ ಹೇಳುತ್ತದೆ.

ಇಪ್ ಮ್ಯಾನ್ ವಿಷಯದಲ್ಲಿ ಕತ್ತಲೆ ಕಡಿಮೆ. 1893ರಲ್ಲಿ ಫೋಶಾನ್‌ನ ಅನುಕೂಲಸ್ಥ ಮನೆಯಲ್ಲಿ ಹುಟ್ಟಿದರು. ಮೊದಲ ಗುರು ಚಾನ್ ವಾಶುನ್, ನಾಣ್ಯ ವಿನಿಮಯದ ಕಸುಬಿನವರು, ವೈದ್ಯ ಲಿಯಾಂಗ್ ಜಾನ್ ಅವರ ಶಿಷ್ಯರು. ಹದಿಹರೆಯದಲ್ಲಿ ಹಾಂಗ್‌ಕಾಂಗ್‌ನ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಓದಿ, ಊರಿಗೆ ಮರಳಿ, ಮುಂದೆ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದರು. 2008ರ ಪ್ರಸಿದ್ಧ ಚಿತ್ರದಲ್ಲಿ ಅವರು ಜಪಾನಿ ಸೇನಾಧಿಕಾರಿಯನ್ನು ಎಲ್ಲರೆದುರು ಸೋಲಿಸಿ, ಆ ಕಾರಣದಿಂದ ಹಾಂಗ್‌ಕಾಂಗ್‌ಗೆ ಪಾರಾಗುತ್ತಾರೆ. ಆ ಹೋರಾಟ ನಡೆದಿಲ್ಲ. ಅವರು ಊರು ಬಿಟ್ಟದ್ದು ಜಪಾನೀಯರು ಸೋತು ಹೋದ ನಾಲ್ಕು ವರ್ಷಗಳ ಮೇಲೆ, 1949ರಲ್ಲಿ, ಕಮ್ಯುನಿಸ್ಟರು ಗೆದ್ದಾಗ. ಹಿಂದಿನ ರಾಷ್ಟ್ರೀಯವಾದಿ ಸರ್ಕಾರದ ಪೊಲೀಸ್ ಅಧಿಕಾರಿಗೆ ಅಲ್ಲಿ ಉಳಿಯುವುದು ಅಪಾಯವಾಗಿತ್ತು.

ಹೊಡೆದಾಟಗಳನ್ನು ಹಿಗ್ಗಿಸುವುದನ್ನು ನಾನು ಕ್ಷಮಿಸಬಲ್ಲೆ, ಅದು ಈ ಪ್ರಕಾರದ ಧರ್ಮ. ಒಬ್ಬ ಮನುಷ್ಯ ಏಕೆ ಮನೆ, ಆಸ್ತಿ, ಹೆಂಡತಿ ಮಕ್ಕಳನ್ನು ಬಿಟ್ಟು ಐವತ್ತಾರನೆಯ ವಯಸ್ಸಿನಲ್ಲಿ ಬರಿಗೈಯಲ್ಲಿ ಗಡಿ ದಾಟಿದ ಎಂಬುದನ್ನೇ ಬದಲಿಸುವುದು ಬೇರೆ ಬಗೆಯ ತಿದ್ದುಪಡಿ. ಏಕೆಂದರೆ ನಂತರ ನಡೆದುದೆಲ್ಲ ಆ ಕಾರಣದಿಂದ ಹುಟ್ಟಿದ್ದು. ಸಿರಿವಂತನಾಗಿದ್ದಾಗ ಕಲಿಸುವ ಅಗತ್ಯವಿಲ್ಲದ ಇಪ್ ಮ್ಯಾನ್, 1950ರಲ್ಲಿ ಕೌಲೂನ್‌ನ ಹೋಟೆಲ್ ಕಾರ್ಮಿಕರ ಸಂಘದಲ್ಲಿ ಊಟ ವಸತಿಗಾಗಿ ಮಾಣಿಗಳಿಗೂ ಅಡುಗೆಯವರಿಗೂ ವಿಂಗ್ ಚುನ್ ಕಲಿಸಲು ನಿಂತರು. ವಿಂಗ್ ಚುನ್ ಜಗತ್ತಿಗೆ ಹರಡಿದ್ದು ಆ ಬಡತನದಿಂದ. 1972ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಸಾವಿಗೆ ಸ್ವಲ್ಪ ಮುಂಚೆ ತಮ್ಮ ವರಸೆಗಳನ್ನು ಮತ್ತು ಮರದ ಬೊಂಬೆಯ ಮೇಲಿನ ಅಭ್ಯಾಸವನ್ನು ಅವರು 8 ಎಂಎಂ ಕ್ಯಾಮೆರಾದ ಮುಂದೆ ಮಾಡಿ ತೋರಿಸಿದರು. ಮನೆಯ ಉಡುಪಿನಲ್ಲಿರುವ ಸಣಕಲು ದೇಹದ ಆ ಮುದುಕ, ಒಂದಿಷ್ಟೂ ಆತುರವಿಲ್ಲದ ಆ ಕೈಗಳು, ಎಲ್ಲ ಚಿತ್ರಗಳಿಗಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿವೆ.

ಅವರ ಶಿಷ್ಯರಲ್ಲಿ ಹೆಚ್ಚು ಹೆಸರಾದವರು ಬ್ರೂಸ್ ಲೀ ಎಂಬುದು ಎಲ್ಲರಿಗೂ ಗೊತ್ತು. ಬ್ರೂಸ್ ಲೀ ಬಹುಪಾಲು ಪಾಠ ಕಲಿತದ್ದು ಹಿರಿಯ ಶಿಷ್ಯ ವಾಂಗ್ ಶುನ್‌ಲಿಯಾಂಗ್ ಅವರಿಂದ ಎಂಬುದು, ಮತ್ತು ಬ್ರೂಸ್ ಲೀ ಹುಟ್ಟಿದ್ದೇ ಒಪೆರಾ ಮಂಡಳಿಯ ಪ್ರವಾಸದ ನಡುವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ತಂದೆ ಲೀ ಹೋಯ್‌ಚುಯೆನ್ ಶುಂದೆ ಮೂಲದ ಕ್ಯಾಂಟನೀಸ್ ಒಪೆರಾ ನಟ. ಮಂಡಳಿ ಅಮೆರಿಕದಲ್ಲಿದ್ದಾಗ, 1940ರ ನವೆಂಬರ್ 27ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಗು ಹುಟ್ಟಿತು. ಕೈಗೂಸಾಗಿದ್ದಾಗಲೇ ಅಲ್ಲಿನ ಎಸ್ತರ್ ಎಂಗ್ ಎಂಬ ಮಹಿಳೆ ನಿರ್ದೇಶಿಸಿದ ಕ್ಯಾಂಟನೀಸ್ ಚಿತ್ರದಲ್ಲಿ ಕಾಣಿಸಿಕೊಂಡಿತು. ಹಾಂಗ್‌ಕಾಂಗ್‌ಗೆ ಮರಳಿದ ಮೇಲೆ ಬಾಲನಟನಾಗಿ ಬೆಳೆದ ಬ್ರೂಸ್, 1950ರ ಒಂದು ಚಿತ್ರದಲ್ಲಿ ತಂದೆಯೊಂದಿಗೆ ನಟಿಸಿದರು, 1958ರಲ್ಲಿ ಚಾಚಾಚಾ ನೃತ್ಯಸ್ಪರ್ಧೆ ಗೆದ್ದರು, 1959ರಲ್ಲಿ ಅಮೆರಿಕಕ್ಕೆ ಹೋದರು. ಹೊಡೆಯುವ ಮುನ್ನಿನ ಆ ಮೌನ, ಕಣ್ಣಿನ ಹೊರಳು, ಗಾಳಿಯಲ್ಲಿ ಹೆಪ್ಪುಗಟ್ಟಿ ನಿಲ್ಲುವ ಭಂಗಿ, ಇವುಗಳಲ್ಲಿ ನಾನು ಒಪೆರಾ ನಟನ ಮಗನನ್ನು ಕಾಣುತ್ತೇನೆ. ಕಾದಾಟ ಬಲ್ಲವರು ಹಾಂಗ್‌ಕಾಂಗ್‌ನಲ್ಲಿ ಬೇಕಾದಷ್ಟಿದ್ದರು, ಕಾದಾಟವನ್ನು ಅಭಿನಯವಾಗಿಸುವುದು ಹುಟ್ಟುತ್ತಲೇ ಗೊತ್ತಿದ್ದವರು ಕಡಿಮೆ.

ಅವರ ದೊಡ್ಡ ಚಿತ್ರಗಳು ಹಾಂಗ್‌ಕಾಂಗ್‌ನಲ್ಲಿ ಕ್ಯಾಂಟನೀಸ್ ಬದಲು ಉತ್ತರದ ಮ್ಯಾಂಡರಿನ್ ಮಾತಿನಲ್ಲಿ ಬಂದವು ಎಂಬುದು ಅನೇಕರಿಗೆ ಹೊಸ ಸುದ್ದಿ. 1970ರ ದಶಕದ ಆರಂಭದಲ್ಲಿ ಮ್ಯಾಂಡರಿನ್ ಚಿತ್ರಗಳ ಅಬ್ಬರದಲ್ಲಿ ಕ್ಯಾಂಟನೀಸ್ ಚಿತ್ರೋದ್ಯಮ ಬಹುತೇಕ ನಿಂತೇ ಹೋಗಿತ್ತು. 1973ರಲ್ಲಿ ‘72 ಬಾಡಿಗೆದಾರರ ಮನೆ’ ಎಂಬ ಹಾಸ್ಯಚಿತ್ರ, ಮರುವರ್ಷದಿಂದ ಗುವಾಂಗ್‌ಝೌನಲ್ಲಿ ಹುಟ್ಟಿದ ಗಾಯಕ ಸ್ಯಾಮ್ ಹುಯಿ ಮತ್ತು ಅವರ ಸೋದರರ ಚಿತ್ರಗಳು ಜನರ ಮಾತನ್ನು ತೆರೆಗೂ ಹಾಡಿಗೂ ಮರಳಿ ತಂದವು.

ಆ ಮಾತು ರಂಗಕ್ಕೆ ಬಂದ ಬಗೆಯಲ್ಲಿಯೂ ಒಂದು ರಾಜಕೀಯ ಚರಿತ್ರೆಯಿದೆ. ಕ್ಯಾಂಟನೀಸ್ ಒಪೆರಾ ಮೊದಲು ಉತ್ತರದ ರಂಗಭಾಷೆಯಲ್ಲಿಯೇ ನಡೆಯುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ರಾಂತಿಯ ಸಂದೇಶವನ್ನು ಹಳ್ಳಿಗೆ ಮುಟ್ಟಿಸಲು ಹೊರಟ ದೇಶಭಕ್ತರ ಮಂಡಳಿಗಳು ಜನರಿಗೆ ತಿಳಿಯಲೆಂದು ಕ್ಯಾಂಟನೀಸ್‌ನಲ್ಲಿ ಹಾಡಿದವು, ಮುಂದೆ ಅದೇ ರೂಢಿಯಾಯಿತು. ಅಂತಹ ಮಂಡಳಿ ಕಟ್ಟಿದವರಲ್ಲಿ ಸುನ್ ಯಾತ್‌ಸೆನ್ ಅವರ ಆಪ್ತ ಸಹಚರ ಚಾನ್ ಸಿಯುಬಾಕ್ ಒಬ್ಬರು. ಇಂದಿನ ಝೋಂಗ್‌ಶಾನ್‌ನ ಸುನ್ ಯಾತ್‌ಸೆನ್, ನಾನ್‌ಹಾಯ್‌ನ ಕಾಂಗ್ ಯುವೇಯ್, ಶಿನ್‌ಹುಯಿಯ ಲಿಯಾಂಗ್ ಚಿಚಾವೊ, ಆಧುನಿಕ ಚೀನಾವನ್ನು ರೂಪಿಸಿದ ಈ ಮೂವರೂ ಇದೇ ನೀರಿನ ಮಕ್ಕಳು. ಇವರಿದ್ದರೇ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಇವರು ಓದಬಲ್ಲವರಾಗಿದ್ದರು, ಬರೆದಿಟ್ಟರು. ವಾಂಗ್ ಫೇಹುಂಗ್‌ಗಾಗಿ ಬರೆಯಲು ಬೇರೆಯವರು ಬರಬೇಕಾಯಿತು.

ಕಥೆ ಎಷ್ಟು ಬೇಗ ಕಾದಾಟದ ಬೆನ್ನು ಹತ್ತುತ್ತಿತ್ತು ಎಂಬುದಕ್ಕೆ ದಿನಾಂಕವಿರುವ ಸಾಕ್ಷಿಯೊಂದಿದೆ. 1953ರ ಕ್ರಿಸ್‌ಮಸ್ ರಾತ್ರಿ ಹಾಂಗ್‌ಕಾಂಗ್‌ನ ಶೆಕ್ ಕಿಪ್ ಮೇ ಗುಡಿಸಲು ಬಡಾವಣೆಗೆ ಬೆಂಕಿ ಬಿದ್ದು ಸಾವಿರಾರು ನಿರಾಶ್ರಿತರು ಬೀದಿಪಾಲಾದರು. ಅವರ ನೆರವಿಗಾಗಿ 1954ರ ಜನವರಿ 17ರಂದು ಮಕಾವ್‌ನಲ್ಲಿ ತಾಯ್ ಚಿ ಗುರು ವು ಗೊಂಗ್‌ಯಿ ಮತ್ತು ಬಿಳಿ ಕೊಕ್ಕರೆ ಶೈಲಿಯ ಯುವಕ ಚಾನ್ ಹಾಕ್‌ಫು ಸೆಣಸಿದರು. ಪಂದ್ಯ ಎರಡೇ ಸುತ್ತಿನಲ್ಲಿ, ಗೆದ್ದವರಾರೆಂಬ ತೀರ್ಪಿಲ್ಲದೆ ಮುಗಿಯಿತು. ಆದರೆ ಮೂರು ದಿನಗಳಲ್ಲಿ ಹಾಂಗ್‌ಕಾಂಗ್‌ನ ಸಂಜೆಪತ್ರಿಕೆಯೊಂದು, ಊರಿನ ಉತ್ಸಾಹ ಆರುವ ಮೊದಲೇ, ಲಿಯಾಂಗ್ ಯುಶೆಂಗ್ ಅವರ ಕತ್ತಿವರಸೆಯ ಕಾದಂಬರಿಯನ್ನು ಧಾರಾವಾಹಿಯಾಗಿ ಆರಂಭಿಸಿತು. ಮರುವರ್ಷ ಅದೇ ಪತ್ರಿಕೆಯಲ್ಲಿ ಜಿನ್ ಯೋಂಗ್ ಬರೆಯತೊಡಗಿದರು. ಅರ್ಧ ಶತಮಾನದ ಚೀನೀ ಸಾಹಸ ಸಾಹಿತ್ಯ, ಅದರಿಂದ ಹುಟ್ಟಿದ ನೂರಾರು ಚಿತ್ರಗಳು, ಹೀಗೆ ಒಂದು ಬೆಂಕಿ ಮತ್ತು ತೀರ್ಪಿಲ್ಲದ ಒಂದು ಪಂದ್ಯದ ಬೆನ್ನಿಗೆ ಬಂದವು.

ಪ್ರಶ್ನೆ ಕೇಳಿದವರು ಕೊನೆಗೆ ಸಾಮಾನ್ಯವಾಗಿ ಇನ್ನೊಂದನ್ನು ಸೇರಿಸುತ್ತಾರೆ: ನಿಜವಾದ ವಾಂಗ್ ಫೇಹುಂಗ್‌ಗೆ ಹತ್ತಿರವಾದ ಚಿತ್ರ ಯಾವುದು? ನಾನು ಹೇಳುವುದು ಲೌ ಕಾರ್‌ಲಿಯಾಂಗ್ ಅವರ 1981ರ ‘ಮಾರ್ಷಲ್ ಕ್ಲಬ್’. ನಿರ್ದೇಶಕರ ತಂದೆ ಲೌ ಚಾಮ್ ಅವರು ಲಾಮ್ ಸೈವಿಂಗ್ ಅವರ ಶಿಷ್ಯರು, ಕ್ವಾನ್ ತಕ್‌ಹಿಂಗ್ ಚಿತ್ರಗಳಲ್ಲಿ ತಮ್ಮ ಗುರುವಿನ ಪಾತ್ರವನ್ನೇ ಮಾಡಿದವರು. ಹಾಗಾಗಿ ಇಲ್ಲಿ ಕಾಣುವ ಹುಂಗ್ ಗಾರ್ ವಾಂಗ್ ಫೇಹುಂಗ್ ಅವರಿಂದ ಮೂರು ಕೈ ದಾಟಿ ಬಂದದ್ದು. ಕೊನೆಯ ಕಾಳಗ ಒಂದು ಓಣಿಯಲ್ಲಿ ನಡೆಯುತ್ತದೆ. ಎದುರಾಳಿ ಉತ್ತರದವನು, ಓಣಿ ಮುಂದೆ ಸಾಗಿದಂತೆ ಕಿರಿದಾಗುತ್ತದೆ, ಜಾಗ ಕಡಿಮೆಯಾದಂತೆ ಇಬ್ಬರ ಪಟ್ಟುಗಳೂ ಬದಲಾಗುತ್ತವೆ. ಯಾರೂ ಸಾಯುವುದಿಲ್ಲ. ಎದುರಾಳಿಯ ಬಗ್ಗೆ ಇಬ್ಬರಲ್ಲೂ ಗೌರವ ಹುಟ್ಟುತ್ತದೆ, ಕಾಳಗ ಅಲ್ಲಿಗೆ ಮುಗಿಯುತ್ತದೆ. ಕಥೆ ಕಲ್ಪಿತವೇ, ಆದರೆ ಕಾಲು ಊರುವ ಆ ರೀತಿಯನ್ನು ಮಾತ್ರ ಯಾರೂ ಕಲ್ಪಿಸಿಕೊಂಡದ್ದಲ್ಲ.